ಹಾಸ್ಯದ ಸಾಲಿನಲ್ಲಿ ಕೂರಿಸಿದ ಸಿನಿಮಾ

ತೆಗೆಯುವ ಪಟ್ಟಿ ಬಂದ ವಾರ ನಮ್ಮ ಕಚೇರಿಯಲ್ಲಿ ಯಾರಿಗೂ ಮಾತು ಬೇಡ. ಮೂರು ತಿಂಗಳಿಗೊಮ್ಮೆ ಬರುವ ಪಟ್ಟಿ ಅದು. ಜನ ತೆರೆದೇ ನೋಡದ, ತೆರೆದರೂ ಅರ್ಧಕ್ಕೆ ಬಿಟ್ಟುಹೋದ ಸಿನಿಮಾ, ಸರಣಿಗಳ ಹೆಸರು ಅದರಲ್ಲಿರುತ್ತದೆ. ಒಂದೊಂದರ ಎದುರಿಗೂ 'ಇರಲಿ' ಅಥವಾ 'ಹೋಗಲಿ' ಎಂದು ಬರೆದು, ಒಂದು ಸಾಲಿನ ಕಾರಣ ಕೊಟ್ಟು, ಎಂಟು ದಿನದೊಳಗೆ ಮೇಲಕ್ಕೆ ಕಳಿಸಬೇಕು. 'ಹೋಗಲಿ' ಎಂದದ್ದು ತಿಂಗಳ ಕೊನೆಗೆ ನಮ್ಮ ಸಿನಿಮಾ ಆ್ಯಪಿನಿಂದ ಮಾಯ. ದೊಡ್ಡ ಸಿನಿಮಾಗಳಾದರೆ ಇನ್ನೆಲ್ಲೋ ಸಿಗುತ್ತವೆ. ಸಣ್ಣವು ಹೋದರೆ ಹೋದವೇ.

ಕೆಲಸದ ರೀತಿಯನ್ನು ಒಂದಿಷ್ಟು ಹೇಳಿಬಿಡುತ್ತೇನೆ, ಇಲ್ಲವಾದರೆ ನಾನು ಮಾಡಿದ ಎಡವಟ್ಟು ಅರ್ಥವಾಗುವುದಿಲ್ಲ. ಟೀವಿಯಲ್ಲೋ ಫೋನಿನಲ್ಲೋ ಆ್ಯಪ್ ತೆರೆದ ಕೂಡಲೇ 'ನಿಮಗೆ ಇಷ್ಟವಾಗಬಹುದು' ಎಂದು ಸಾಲುಸಾಲಾಗಿ ಚಿತ್ರಗಳು ಬರುತ್ತವಲ್ಲ, ಅದನ್ನೆಲ್ಲ ಯಂತ್ರವೇ ಮಾಡುತ್ತದೆ ಎಂದು ಜನ ತಿಳಿದಿದ್ದಾರೆ. ಯಂತ್ರ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಯಾವುದು ಅಳಿಸುತ್ತದೆ, ಯಾವುದು ನಗಿಸುತ್ತದೆ, ಯಾವುದನ್ನು ಅತ್ತೆ ಪಕ್ಕದಲ್ಲಿ ಕೂತು ನೋಡಬಾರದು ಎಂದು ಆ ಯಂತ್ರಕ್ಕೆ ಮೊದಲು ಯಾರಾದರೂ ಹೇಳಿಕೊಡಬೇಕು. ಕನ್ನಡಕ್ಕೆ ಹೇಳಿಕೊಡುವವಳು ನಾನು. ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಕಟ್ಟಡದ ಐದನೆಯ ಮಾಳಿಗೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಿನಿಮಾ ನೋಡುವುದೇ ನನ್ನ ನೌಕರಿ. ಡೊಂಬಿವಲಿಯ ನಮ್ಮ ಸೊಸೈಟಿಯ ಹೆಂಗಸರಿಗೆ ಇದನ್ನು ಹೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಪ್ರತಿ ಸಿನಿಮಾಕ್ಕೂ ಒಂದು ನಮೂನೆ ತುಂಬಬೇಕು. ಯಾವ ಬಗೆಯದು, ಭಾವ ಏನು, ವಸ್ತು ಏನು, ಯಾರ ಜೊತೆ ನೋಡಬಹುದು, ಎಚ್ಚರಿಕೆ ಏನಾದರೂ ಇದೆಯೇ. ಆಮೇಲೆ ಎರಡು ಸಾಲಿನ ಕಥಾಸಾರ, ಒಂದು ಚಿತ್ರ, ಮತ್ತು ಅರ್ಧ ನಿಮಿಷದ ತುಣುಕು. ಜನ ಚಿತ್ರದ ಮೇಲೆ ಬೆರಳಿಟ್ಟು ನಿಂತಾಗ ತಾನಾಗಿ ಓಡುವುದು ಈ ತುಣುಕೇ. ನಿಯಮದ ಪ್ರಕಾರ ಸಿನಿಮಾವನ್ನು ಪೂರ್ತಿ ನೋಡಿ ನಮೂನೆ ತುಂಬಬೇಕು. ನಡೆಯುತ್ತಿದ್ದದ್ದು ಬೇರೆ. ದಿನಕ್ಕೆ ಇಷ್ಟು ಎಂಬ ಗುರಿ ಇತ್ತು. ಹಾಗಾಗಿ ಮೊದಲ ಅರ್ಧ ತಾಸು ನೋಡುವುದು, ನಡುವೆ ನಾಲ್ಕು ಕಡೆ ಹಾರಿ ಹಾರಿ ಇಣುಕುವುದು, ಕೊನೆಯ ಹತ್ತು ನಿಮಿಷ ನೋಡುವುದು, ಅದೂ ಒಂದೂವರೆ ಪಟ್ಟು ವೇಗದಲ್ಲಿ. ಎಲ್ಲ ಭಾಷೆಯವರೂ ಹೀಗೇ ಮಾಡುತ್ತಿದ್ದರು. ಅದನ್ನು ನೆಪವಾಗಿ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಆ ಸಲದ ಪಟ್ಟಿಯಲ್ಲಿ ಕಲಬುರಗಿ ಕಡೆಯ ಒಂದು ಸಣ್ಣ ಸಿನಿಮಾ ಇತ್ತು. ಹೊಸಬರು ಮಾಡಿದ್ದು, ಹೆಸರು ಕೇಳಿದ ನಟರು ಯಾರೂ ಇಲ್ಲ. ಬಾಯಿ ಜೋರಿನ ಮಾವ, ಅವನಿಗಿಂತ ಬಾಯಿ ಜೋರಿನ ಸೊಸೆ. ಶುರುವಿನಲ್ಲೇ ಬಾಗಿಲಲ್ಲಿ ನಿಂತು ಇಬ್ಬರೂ ಹತ್ತು ನಿಮಿಷ ಜಗಳವಾಡುತ್ತಾರೆ. ಕೊನೆಯಲ್ಲಿ ಅಡುಗೆಮನೆ ತುಂಬ ಹೆಂಗಸರು ಕೂತು ರೊಟ್ಟಿ ಬಡಿಯುತ್ತ ಹೊಟ್ಟೆ ಹಿಡಿದು ನಗುತ್ತಾರೆ. ಬಗೆ: ಹಾಸ್ಯ. ಭಾವ: ಹಗುರ. ಯಾರ ಜೊತೆ: ಮನೆಮಂದಿಯೆಲ್ಲ. ನಮೂನೆಯಲ್ಲಿ ಹಾಗೆ ಬರೆದಿತ್ತು. ಪಟ್ಟಿಯಲ್ಲಿ ಅದರ ಎದುರು 'ಹೋಗಲಿ, ಹಾಸ್ಯ ಹಿಡಿಸಿಲ್ಲ' ಎಂದು ಟೈಪ್ ಮಾಡಿ, ಯಾವುದಕ್ಕೂ ಇರಲಿ ಎಂದು ಕೊನೆಯ ಹತ್ತು ನಿಮಿಷವನ್ನು ಇನ್ನೊಮ್ಮೆ ಓಡಿಸುತ್ತಿದ್ದೆ. ಹೆಡ್‌ಫೋನಿನ ವೈರು ಕೈಕೊಟ್ಟಿತ್ತು, ದನಿ ಹೊರಗೆ ಬರುತ್ತಿತ್ತು.

ನಮ್ಮ ಮಾಳಿಗೆಗೆ ಟೀ ತರುವ ಅಕ್ಕ ಒಬ್ಬರಿದ್ದರು. ಠಾಣೆಯ ಪಕ್ಕದ ಕಳವಾದಿಂದ ಬರುತ್ತಿದ್ದರು. ಟೀ ಕೊಡುವುದು, ಮೇಜು ಒರೆಸುವುದು ಎರಡೂ ಅವರದೇ ಕೆಲಸ. ನಾವಿಬ್ಬರೂ ಅಷ್ಟು ದಿನ ಹಿಂದಿಯಲ್ಲೇ ಮಾತಾಡಿದವರು. ಅವರು ಸೊಲ್ಲಾಪುರದ ಕಡೆಯವರಿರಬೇಕು ಎಂದು ನಾನು ನನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದೆ, ಕೇಳುವ ಗೋಜಿಗೂ ಹೋಗಿರಲಿಲ್ಲ. ಆ ಶುಕ್ರವಾರ ಲೋಟ ಇಡಲು ಬಂದವರು ನನ್ನ ಕುರ್ಚಿಯ ಹಿಂದೆಯೇ ನಿಂತುಬಿಟ್ಟರು.

"ಮೇಡಂ, ಸ್ವಲ್ಪ ಸಾವಕಾಶ ಬಿಡ್ರಿ ಅದು," ಅಂದರು. "ಅಕಿ ನಮ್ಮವ್ವ ಅದಾಳ್ರಿ."

ಅವರ ಬಾಯಲ್ಲಿ ಕನ್ನಡ ಕೇಳಿದ್ದೇ ಮೊದಲು. ವೇಗ ಇಳಿಸಿ ಹಿಂದಕ್ಕೆ ಹೋದೆ. ರೊಟ್ಟಿ ಬಡಿಯುವ ಹೆಂಗಸರ ಆಚೆ, ಗೋಡೆಗೆ ಒರಗಿ, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಮುದುಕಿಯೊಬ್ಬಳು ತಲೆಯೆತ್ತುತ್ತಾಳೆ. "ನಾಲ್ಕು ಮಂದಿಗಿ ಬೈದ್ರನ ಕೂಳು ಕರಗತಿತ್ತವ್ವಾ ಅವಂಗ," ಎನ್ನುತ್ತಾಳೆ, ಮತ್ತು ತಾನೇ ಮೊದಲು ನಗುತ್ತಾಳೆ. ಹಲ್ಲಿಲ್ಲದ ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ನಿಲ್ಲುವುದಿಲ್ಲ. ಅವಳ ನಗುವಿನಿಂದಲೇ ಉಳಿದವರಿಗೆ ನಗು ಹತ್ತುತ್ತದೆ. ಎಲ್ಲ ಸೇರಿ ಅರ್ಧ ನಿಮಿಷ. ಅಕ್ಕನ ತುಟಿಯೂ ಆ ಮಾತಿನ ಜೊತೆಗೇ ಆಡುತ್ತಿತ್ತು.

ಸಿನಿಮಾದವರು ಅವರ ಊರಿನ ಓಣಿಯಲ್ಲಿ ಶೂಟಿಂಗ್ ಮಾಡಿದ್ದರಂತೆ. ಓಣಿಯ ಹೆಂಗಸರನ್ನೇ ಕರೆದು, ನೀವು ದಿನಾ ಹೇಗೆ ಕೂರುತ್ತೀರೋ ಹಾಗೇ ಕೂರಿ, ಬಾಯಿಗೆ ಬಂದದ್ದು ಮಾತಾಡಿ ಎಂದರಂತೆ. ಮರುವರ್ಷ ಅವ್ವ ತೀರಿಕೊಂಡಳು. ಇವರು ಇಲ್ಲಿಂದ ರೈಲು ಹತ್ತಿ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವ್ವನದೆಂದು ಇವರ ಹತ್ತಿರ ಉಳಿದದ್ದು ಆಧಾರ್ ಕಾರ್ಡಿನ ಫೋಟೊ ಒಂದು, ಈ ಅರ್ಧ ನಿಮಿಷ ಒಂದು. ಮಗಳ ಫೋನಿನ ರೀಚಾರ್ಜಿನ ಜೊತೆ ಆ್ಯಪ್ ಪುಕ್ಕಟೆ ಬರುತ್ತಿತ್ತು, ಅದರಲ್ಲಿ ನೋಡುತ್ತಿದ್ದರು.

ನಾನು ಪಟ್ಟಿಯ ಕಿಟಕಿಯನ್ನು ಮುಚ್ಚುವಷ್ಟರಲ್ಲಿ ಅವರ ಕಣ್ಣಿಗೆ ಸಿನಿಮಾದ ಚಿತ್ರದ ಪಕ್ಕ, 'ಹೋಗಲಿ' ಎಂದದ್ದಕ್ಕೆ ಬರುವ ಕೆಂಪು ಗುರುತು ಬಿದ್ದಿತ್ತು. ಅವರಿಗೆ ಅಕ್ಷರ ಬಾರದು, ಆದರೆ ಅಷ್ಟು ವರ್ಷ ಆ ಮಾಳಿಗೆಯಲ್ಲಿ ಓಡಾಡಿದವರಿಗೆ ಕೆಂಪು ಎಂದರೆ ಏನೆಂದು ಗೊತ್ತಿರುವುದಿಲ್ಲವೇ? ತೆಗೀತೀರೇನ್ರಿ ಎಂದು ಕೇಳಿದರು. ಕಚೇರಿಯ ಗುಟ್ಟು ಹೊರಗೆ ಹೇಳಬಾರದು. ಆದರೆ ಸುಳ್ಳು ಹೇಳಲು ಬಾಯಿ ಬರಲಿಲ್ಲ, ಹೌದು ಎಂದೆ.

"ಇದು ಹೋದ್ರ ಅವ್ವನ ದನಿ ಮತ್ತೆಲ್ಲಿ ಕೇಳ್ಲಿರಿ?" ಅಂದರು. ಜೋರಾಗಿ ಏನಲ್ಲ, ಟೀಗೆ ಸಕ್ಕರೆ ಹಾಕಲೇ ಎಂದು ಕೇಳುವ ದನಿಯಲ್ಲೇ.

ಒಂದು ಪ್ರತಿ ಮಾಡಿ ಇಟ್ಟುಕೊಂಡರಾಯಿತಲ್ಲ ಎಂದು ನಿಮಗೂ ಅನ್ನಿಸಬಹುದು. ಅದನ್ನೆಲ್ಲ ಅವರು ಮಾಡಿ ನೋಡಿದ್ದರು. ಆ್ಯಪ್ ಓಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಪರದೆ ಬರೀ ಕಪ್ಪಾಗಿ ಬರುತ್ತದೆ. ಇನ್ನೊಂದು ಫೋನು ಎದುರು ಹಿಡಿದು ತೆಗೆದರೆ ಚಿತ್ರದ ಮೇಲೆ ಗೆರೆ, ದನಿಯ ಮೇಲೆ ಪಕ್ಕದ ಕೋಣೆಯ ಮಿಕ್ಸರಿನ ಸದ್ದು. ಸಿನಿಮಾ ಮಾಡಿದವರ ನಂಬರು ಊರಿನ ತಮ್ಮನ ಹತ್ತಿರ ಇತ್ತು, ಅದು ಈಗ ಬೇರೆ ಯಾರದೋ ಆಗಿತ್ತು. ನಮ್ಮ ಕಚೇರಿಯಲ್ಲಂತೂ ಫೋನನ್ನು ಬಾಗಿಲಲ್ಲೇ ಲಾಕರಿಗೆ ಹಾಕಿ ಒಳಗೆ ಬರಬೇಕು, ಒಂದು ಚೂರು ಹೊರಗೆ ಹೋದರೂ ಕೆಲಸ ಹೋದಂತೆ.

ಅವರು ಟ್ರಾಲಿ ತಳ್ಳಿಕೊಂಡು ಹೋದ ಮೇಲೆ ಹಳೆಯ ನಮೂನೆಯನ್ನು ತೆರೆದು ನೋಡಿದೆ, ಅದನ್ನು ತುಂಬಿದವರು ಯಾರು ಎಂದು. ಕೆಳಗೆ ನನ್ನ ಹೆಸರೇ ಇತ್ತು. ಅದನ್ನು ಮಾಡಿದ ನೆನಪೂ ನನಗಿರಲಿಲ್ಲ.

ಶನಿವಾರ ಮಧ್ಯಾಹ್ನ ಮನೆಯಲ್ಲಿ ಊಟ ಮುಗಿಸಿ ಆ ಸಿನಿಮಾ ಹಚ್ಚಿದೆ. ಅಮ್ಮನೂ ಬಂದು ಕೂತಳು. ನಮ್ಮದು ಉಡುಪಿ ಕಡೆಯ ಮನೆ, ಒಳಗೆ ತುಳು, ಹೊರಗೆ ಮರಾಠಿ. ಬಾಗಿಲ ಜಗಳ ಶುರುವಾದದ್ದೇ ಅಮ್ಮ ಕಿಸಕ್ಕೆಂದು ನಕ್ಕಳು. ಆ ಭಾಷೆ ಕಿವಿಗೆ ಬಿದ್ದರೇ ನಗು ಬರುತ್ತದೆ ಮಾರಾಯ್ತಿ ಎಂದಳು. ನನಗೂ ಬರುತ್ತಿತ್ತು. ಸುಳ್ಳೇಕೆ ಹೇಳಲಿ? ಚಿಕ್ಕಂದಿನಿಂದ ನಾಟಕದಲ್ಲಿ, ಟೀವಿಯಲ್ಲಿ ಆ ಕಡೆಯ ಮಾತನ್ನಾಡುವವನು ಬಂದನೆಂದರೆ ನಗಿಸಲಿಕ್ಕೇ ಬಂದ ಎಂದು ಲೆಕ್ಕ. ಮುಂಬಯಿಗೆ ಬಂದು ಹೋಟೆಲ್ ನಡೆಸುವ ನಮ್ಮವರ ಮನೆಗಳಲ್ಲೂ ಮಕ್ಕಳು ಅದನ್ನು ಅಣಕಿಸಿ ಆಡುವುದು, ದೊಡ್ಡವರು ನಗುವುದು ಇತ್ತು. ಅರ್ಧ ತಾಸಾಗುವಾಗ ಮಾವನಿಗೆ ಲಕ್ವ ಹೊಡೆಯಿತು. ಅಮ್ಮ, ಇದೇನೋ ಬೇರೆ ಕಥೆ ಎಂದು ಎದ್ದು ಮಲಗಲು ಹೋದಳು.

ನಾನು ಕೂತೆ. ಅಷ್ಟು ಬಾಯಿ ಮಾಡುತ್ತಿದ್ದ ಮುದುಕನಿಗೆ ಮಾತು ತೊದಲುತ್ತದೆ. ಅವನ ಜೊತೆ ವರ್ಷಗಟ್ಟಲೆ ಜಗಳ ಬಿಟ್ಟು ಬೇರೆ ಮಾತಾಡದ ಸೊಸೆ ಅವನಿಗೆ ಅಂಬಲಿ ಕುಡಿಸುತ್ತಾಳೆ, ಗಲ್ಲ ಒರೆಸುತ್ತಾಳೆ, ಅವನಿಗೆ ಬೈಯಲು ಬಾರದ ಬೈಗುಳವನ್ನು ತಾನೇ ಅವನ ಪರವಾಗಿ ಬೈದುಕೊಳ್ಳುತ್ತಾಳೆ. ಅವನು ಸಾಯುತ್ತಾನೆ. ಮೂರನೆಯ ದಿನ ರೊಟ್ಟಿ ಬಡಿಯುತ್ತ ಕೂತ ಹೆಂಗಸರು ಅವನನ್ನು ನೆನೆಸಿಕೊಳ್ಳುತ್ತಾರೆ, ಆಗ ಬರುವ ನಗು ಅದು. ನಾನು 'ಹಗುರ' ಎಂದು ಬರೆದ ಸಿನಿಮಾ. ಟೀವಿ ಆರಿಸಿದೆ. ಅಳುವಿಗಿಂತ ನಾಚಿಕೆಯೇ ಜಾಸ್ತಿ ಇತ್ತು.

ಸೋಮವಾರ, ಅಂಕಿ ನೋಡುವ ಹುಡುಗಿಯ ಹತ್ತಿರ ಹೋದೆ. ನಮ್ಮ ಡೊಂಬಿವಲಿಯ ಪಕ್ಕದ ಕಲ್ಯಾಣದವಳು, ಮರಾಠಿ. ಯಾವ ಸಿನಿಮಾವನ್ನು ಜನ ಎಷ್ಟು ಹೊತ್ತು ನೋಡಿದರು, ಎಲ್ಲಿ ಬಿಟ್ಟರು ಎಂಬುದೆಲ್ಲ ಗೆರೆಯಾಗಿ ಅವಳ ಪರದೆಯ ಮೇಲೆ ಬರುತ್ತದೆ. ಈ ಸಿನಿಮಾದ ಗೆರೆ ಮೊದಲು ಎತ್ತರದಲ್ಲಿ ಶುರುವಾಗಿ, ಅರ್ಧ ತಾಸಿನ ಹತ್ತಿರ ದಬಕ್ಕನೆ ಬೀಳುತ್ತಿತ್ತು. ಅಲ್ಲಿ ಎದ್ದುಹೋದವರು ನಮ್ಮ ಅಮ್ಮನಂಥವರು. ಯಂತ್ರ ನನ್ನ ಮಾತು ನಂಬಿ ಭಾನುವಾರ ನಗಲು ಕೂತವರಿಗೆಲ್ಲ ಇದನ್ನು ತೋರಿಸಿತ್ತು, ಅವರು ಎದ್ದು ಹೋದದ್ದನ್ನು ನೋಡಿ, ಯಾರಿಗೂ ಬೇಡದ ಸಿನಿಮಾ ಇದು ಎಂದು ಕಲಿತುಕೊಂಡಿತ್ತು.

ಆದರೆ ಗೆರೆಯ ಕೊನೆಯಲ್ಲಿ ಒಂದು ಸೂಜಿಯಂಥ ಏರು ಇತ್ತು. ಕೆಲವೇ ಕೆಲವು ಫೋನುಗಳು, ಎಲ್ಲ ಕಳವಾ, ಶಹಾಡ್, ಉಲ್ಹಾಸನಗರದ ಕಡೆಯವು. ಸಿನಿಮಾ ತೆರೆದು ಸೀದಾ ಕೊನೆಗೆ ಹಾರುತ್ತವೆ, ಒಂದು ನಿಮಿಷ ನಿಲ್ಲುವುದಿಲ್ಲ, ಮುಚ್ಚುತ್ತವೆ. ಮರುದಿನ ಮತ್ತೆ ಅದೇ. ಇದು ಮನುಷ್ಯರ ನೋಟವೇ ಅಲ್ಲ, ಯಾರೋ ಸುಳ್ಳು ಲೆಕ್ಕ ಹುಟ್ಟಿಸುತ್ತಿದ್ದಾರೆ ಎಂದು ಸಂಶಯದ ಪೆಟ್ಟಿಗೆಗೆ ಹಾಕಿದ್ದೇನೆ ಎಂದಳು ಅವಳು. ಆ ಪೆಟ್ಟಿಗೆಗೆ ಬಿದ್ದದ್ದು 'ಅರ್ಧಕ್ಕೆ ಬಿಟ್ಟವರು' ಎಂಬ ಲೆಕ್ಕಕ್ಕೇ ಸೇರುತ್ತದೆ.

ಟೀ ಹೊತ್ತಿನಲ್ಲಿ ಅಕ್ಕನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದೆ. ಹೌದ್ರಿ, ಎಲ್ಲ ನಮ್ಮ ಮಂದೀನ ಎಂದರು. ಆ ಅಡುಗೆಮನೆಯಲ್ಲಿ ಕೂತ ಐದೂ ಹೆಂಗಸರ ಮಕ್ಕಳು, ಸೊಸೆಯರು, ತಂಗಿಯರು ಇಲ್ಲೇ ಇದ್ದರು. ಒಬ್ಬರು ಶಹಾಡಿನಲ್ಲಿ ಕಾರ್ಖಾನೆಗೆ ಹೋಗುವವರು, ಇನ್ನೊಬ್ಬರು ಉಲ್ಹಾಸನಗರದಲ್ಲಿ ಮಾಲು ಹೊರುವವರು. ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ತಮ್ಮ ತಮ್ಮವರನ್ನು ಒಮ್ಮೆ ನೋಡಿ ಫೋನು ಮುಚ್ಚಿ ಇಡುತ್ತಿದ್ದರು.

"ಪೂರಾ ನೋಡಿಲ್ರಿ ಮೇಡಂ," ಅಂದರು. "ಮುದುಕ ಹಾಸಿಗಿ ಹಿಡಿದಿದ್ದು ನೋಡ್ಲಾಕ ಆಗಲ್ರಿ ನನಗ. ಅವ್ವ ಕಡೀಗಿ ಬರ್ತಾಳಲ್ಲ, ಸೀದಾ ಅಲ್ಲಿಗೇ ಹೋಗ್ತೀವ್ರಿ."

ಅಂದರೆ ಅವ್ವನನ್ನು ನೋಡಿದಷ್ಟು ಸಲವೂ ಅವ್ವನನ್ನು ತೆಗೆಯಿರಿ ಎಂದು ಅವರೇ ಒಂದೊಂದು ಓಟು ಹಾಕುತ್ತಿದ್ದರು. ಇದನ್ನು ಹೇಗೆ ಹೇಳಲಿ ಎಂದು ತಿಳಿಯದೆ ತಡವರಿಸಿದೆ, ಕೊನೆಗೆ ಹೇಳಿಬಿಟ್ಟೆ. ಅವರು ಸೆರಗಿನಿಂದ ಕೈ ಒರೆಸಿಕೊಂಡರು. ಆಮೇಲೆ ಅವರೇ ಒಂದು ಉಪಾಯ ಹೇಳಿದರು. ನಮ್ಮ ಮಂದಿಗೆಲ್ಲ ಹೇಳುತ್ತೇನೆ, ಎಲ್ಲರೂ ಮೊದಲಿನಿಂದ ಹಚ್ಚಿ, ಫೋನನ್ನು ಗೋಡೆಯ ಗೂಡಿನಲ್ಲಿ ಇಟ್ಟು ತಮ್ಮ ಕೆಲಸ ಮಾಡಿಕೊಂಡಿರಲಿ, ಅದರ ಪಾಡಿಗೆ ಅದು ಓಡಿ ಮುಗಿಯಲಿ.

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತಿಪ್ಪತ್ತು ಫೋನಿನಲ್ಲಿ ಸಿನಿಮಾ ಮುಗಿದರೆ ಗೆರೆ ಒಂದಿಷ್ಟು ಮೇಲೇಳುತ್ತಿತ್ತು. ಠಾಣೆಯಲ್ಲಿ ಗಾಡಿ ಬದಲಿಸುವಾಗ, ಡೊಂಬಿವಲಿಯ ಗುಂಪಿನಲ್ಲಿ ನೂಕಿಸಿಕೊಳ್ಳುವಾಗ ಅದೇ ಯೋಚನೆ. ಆದರೆ ಕಲ್ಯಾಣದ ಹುಡುಗಿ ದಡ್ಡಿಯಲ್ಲ. ಇದ್ದಕ್ಕಿದ್ದ ಹಾಗೆ ಅದೇ ಫೋನುಗಳು ಒಂದೇ ವಾರದಲ್ಲಿ ಸಿನಿಮಾ ಮುಗಿಸಿದರೆ ಸಂಶಯ ಖಾತ್ರಿಯಾಗುತ್ತಿತ್ತು. ಆಗ ಸಿನಿಮಾ ಹೋಗುವುದಲ್ಲದೆ, ಯಾರ ಮನೆಯ ಫೋನು ಎಂದು ಹುಡುಕಿದರೆ ಅಕ್ಕನ ಕೆಲಸವೂ ಹೋಗುತ್ತಿತ್ತು. ಮರುದಿನ ಅಕ್ಕನಿಗೆ ಬೇಡ ಎಂದು ಹೇಳಿದೆ. ಆಯ್ತ್ರಿ ಎಂದರು, ಮುಖ ಮಾತ್ರ ಸಪ್ಪಗಾಯಿತು.

ತಪ್ಪು ತಿದ್ದಲು ನಮ್ಮಲ್ಲಿ ಒಂದು ಅರ್ಜಿ ಇದೆ. ಮಂಗಳವಾರ ಅದನ್ನು ತುಂಬಿದೆ. ಬಗೆ, ಭಾವ, ಯಾರ ಜೊತೆ, ಕಥಾಸಾರ, ಚಿತ್ರ, ತುಣುಕು, ಎಲ್ಲವೂ ಬದಲಾಗಬೇಕು ಎಂದು ಬರೆದೆ. ಒಂದು ತಾಸಿನಲ್ಲಿ ಅರ್ಜಿ ವಾಪಸು ಬಂತು. ಅರ್ಜಿಯಲ್ಲಿ ಒಂದೇ ಕಲಮು ತಿದ್ದಬಹುದಂತೆ, ಇಷ್ಟೆಲ್ಲ ತಿದ್ದುವುದೆಂದರೆ ಸಿನಿಮಾವನ್ನು ಹೊಸದಾಗಿ ನೋಡಿದ ಹಾಗೆ, ಅದಕ್ಕೆ ಬೇರೆ ಸಮಯ ಮಂಜೂರಾಗಬೇಕು, ತೆಗೆಯುವ ಪಟ್ಟಿಯಲ್ಲಿರುವ ಸಿನಿಮಾಕ್ಕೆ ಸಮಯ ಮಂಜೂರು ಮಾಡುವ ಪದ್ಧತಿ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಸಿಟ್ಟು ಮಾಡಲಿ? ಪದ್ಧತಿಯನ್ನು ಬರೆಯುವ ಸಭೆಯಲ್ಲಿ ನಾನೂ ಕೂತು ಸಮೋಸ ತಿಂದವಳೇ.

ಉಳಿದದ್ದು ಶುಕ್ರವಾರದ ಸಭೆ. ಒಬ್ಬೊಬ್ಬರೂ ತಮ್ಮ ಭಾಷೆಯ ಪಟ್ಟಿ ಓದಿ ಕಾರಣ ಹೇಳುವ ಸಭೆ ಅದು. ಎಲ್ಲರ ಕೆಲಸ ನೋಡಿಕೊಳ್ಳುವ ಮುಖ್ಯಸ್ಥರು ಎದುರಿಗಿರುತ್ತಾರೆ. ಆ ತಿಂಗಳು ಇನ್ನೊಂದು ವಿಷಯವೂ ಇತ್ತು. ಬೇರೆಯವರು ತುಂಬಿದ ನಮೂನೆಗಳನ್ನು ಪರಿಶೀಲಿಸುವ ಹುದ್ದೆಯೊಂದು ಖಾಲಿಯಾಗಿತ್ತು, ನನ್ನ ಹೆಸರು ಅದಕ್ಕೆ ಹೋಗಿತ್ತು. ತಪ್ಪಿಲ್ಲದ ಕೆಲಸ ಎಂದು ನನಗೆ ಒಳ್ಳೆಯ ಹೆಸರಿತ್ತು. ಸುಲಭದ ದಾರಿಯೂ ಇತ್ತು: 'ಇರಲಿ, ಪ್ರಾದೇಶಿಕ ಮಹತ್ವ ಇದೆ' ಎಂದು ಬರೆದು ಕೈತೊಳೆದುಕೊಳ್ಳುವುದು. ಹಾಗೆ ಬರೆದ ಎಷ್ಟೋ ಸಿನಿಮಾಗಳು ಅದೇ ಸಂಜೆ ಹೋಗಿದ್ದನ್ನು ನೋಡಿದ್ದೆ. ಗುರುವಾರ ಸಂಜೆ ಘನ್ಸೋಲಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಎರಡು ಗಾಡಿ ಬಿಟ್ಟು, ಇದ್ದದ್ದನ್ನು ಇದ್ದಹಾಗೆ ಹೇಳುವುದು ಎಂದು ಗಟ್ಟಿಮಾಡಿಕೊಂಡೆ.

ನನ್ನ ಸರದಿ ಬಂದಾಗ, ಈ ಸಿನಿಮಾವನ್ನು ನಾನು ಪೂರ್ತಿ ನೋಡದೆ ನಮೂನೆ ತುಂಬಿದ್ದೆ, ಹಾಸ್ಯವಲ್ಲದ್ದನ್ನು ಹಾಸ್ಯ ಎಂದಿದ್ದೆ, ಆದ್ದರಿಂದ ಅದು ತಪ್ಪು ಜನರ ಕೈಗೆ ಹೋಗಿ ಬಿದ್ದಿದೆ ಎಂದೆ. ಕೊನೆಯ ಏರಿನ ಬಗ್ಗೆಯೂ ಹೇಳಿದೆ. ಅವರು ಸುಳ್ಳು ಲೆಕ್ಕದವರಲ್ಲ, ಆ ದೃಶ್ಯದಲ್ಲಿ ತಮ್ಮ ಮನೆಯವರಿರುವ ಕೂಲಿಯ ಜನ, ದಿನವೂ ಅಲ್ಲಿಗೆ ವಾಪಸು ಬರುವವರು ಎಂದೆ. ಯಾರೆಂದು ಹೆಸರು ಹೇಳಲಿಲ್ಲ. ಅಕ್ಕ ಆಗ ಬಾಗಿಲ ಬಳಿ ಲೋಟ ಜೋಡಿಸುತ್ತಿದ್ದರು.

ಮುಖ್ಯಸ್ಥರು ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. ಇಷ್ಟು ವರ್ಷ ಕೆಲಸ ಮಾಡಿದವರು ನೀವು, ಸಾವಿನ ಮನೆಯ ಕಥೆ ಹಾಸ್ಯವಾಗಿ ಕಂಡದ್ದು ಹೇಗೆ ಎಂದು ಹಿಂದಿಯಲ್ಲಿ ಕೇಳಿದರು. ವೇಗ, ಗುರಿ, ಕೆಲಸದ ಹೊರೆ ಎಂದು ಹೇಳಲು ಬೇಕಾದಷ್ಟಿತ್ತು.

"ನನಗೆ ಕಥೆಗೆ ನಗು ಬಂದದ್ದಲ್ಲ," ಎಂದೆ. "ಆ ಜನ ಮಾತಾಡುವ ರೀತಿಗೆ ಬಂದದ್ದು. ಅವರು ಅತ್ತರೂ ನನಗೆ ನಗುವೇ ಬರುತ್ತಿತ್ತೇನೋ."

ಮುಖ್ಯಸ್ಥರು ನಾಗಪುರದ ಕಡೆಯವರು, ಅಲ್ಲಿಯ ಮರಾಠಿಯ ಧಾಟಿಯೇ ಬೇರೆ. ಪುಣೆಯಲ್ಲಿ ಓದುವಾಗ ತಾವು ಬಾಯಿ ತೆರೆದರೆ ಸಾಕು, ಇಡೀ ಹಾಸ್ಟೆಲ್ ನಗುತ್ತಿತ್ತು ಎಂದರು, ನಮಗೆ ಹೇಳಿದರೋ ತಮಗೇ ಹೇಳಿಕೊಂಡರೋ. ಆಮೇಲೆ ಕಾಗದ ನೋಡುತ್ತ, ಎರಡು ದಿನ ಕೊಡುತ್ತೇನೆ, ಹೊಸದಾಗಿ ನಮೂನೆ ತುಂಬಿ, ಮೂರು ವಾರ ನೋಡೋಣ, ಗೆರೆ ಏಳದಿದ್ದರೆ ಹೋಗುತ್ತದೆ ಎಂದರು. ತಪ್ಪು ನಿಮ್ಮ ಹೆಸರಿಗೆ ದಾಖಲಾಗುತ್ತದೆ ಎಂದೂ ಹೇಳಿದರು. ಆಗಲಿ ಎಂದೆ.

ಆ ಎರಡು ದಿನ ನಾನು ಮಾಡಿದಷ್ಟು ನಿಧಾನದ ಕೆಲಸ ಹಿಂದೆ ಮಾಡಿರಲಿಲ್ಲ. ನಮ್ಮ ನಮೂನೆಯಲ್ಲಿ ಪದಗಳು ಮೊದಲೇ ಪಟ್ಟಿ ಮಾಡಿ ಇಟ್ಟಿರುತ್ತಾರೆ, ಅದರಲ್ಲೇ ಆರಿಸಬೇಕು. 'ದುಃಖ' ಆರಿಸಿದರೆ 'ನಗು' ತಾನಾಗಿ ಮಸುಕಾಗುತ್ತದೆ, ಎರಡನ್ನೂ ಒಟ್ಟಿಗೆ ಒತ್ತಲು ಬಿಡುವುದಿಲ್ಲ. ಸಾವಾದ ಮೂರನೆಯ ದಿನ ಮನೆಯಲ್ಲಿ ಬರುವ ನಗುವಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಕೊನೆಗೆ 'ಮನೆ', 'ಆರೈಕೆ', 'ಅಗಲಿಕೆ', 'ನಿಧಾನ' ಎಂದು ಆರಿಸಿದೆ. 'ಯಾರ ಜೊತೆ' ಎಂಬಲ್ಲಿ ಏನೂ ಬರೆಯದೆ ಬಿಟ್ಟೆ. ಚಿತ್ರ ಬದಲಿಸಿದೆ, ಸೊಸೆ ಸೊಂಟಕ್ಕೆ ಕೈಯಿಟ್ಟು ಬಾಯಿ ತೆರೆದದ್ದನ್ನು ತೆಗೆದು, ಮಾವನ ಮಂಚದ ಪಕ್ಕ ನೆಲದ ಮೇಲೆ ಕೂತದ್ದನ್ನು ಹಾಕಿದೆ.

ಕಥಾಸಾರವನ್ನು ಹತ್ತು ಸಲ ಬರೆದು ಹೊಡೆದುಹಾಕಿದೆ. ಆಮೇಲೆ ಹೊಳೆಯಿತು, ಅಕ್ಕನಿಗೆ ಅಕ್ಷರ ಬಾರದು, ಅವರ ಮಗಳು ಮರಾಠಿ ಶಾಲೆಯಲ್ಲಿ ಕಲಿಯುತ್ತಿದ್ದಾಳೆ, ಕನ್ನಡ ಓದುವವರು ಆ ಮನೆಯಲ್ಲಿ ಯಾರೂ ಇಲ್ಲ. ಶಹಾಡಿನಲ್ಲೂ ಅಷ್ಟೇ, ಉಲ್ಹಾಸನಗರದಲ್ಲೂ ಅಷ್ಟೇ. ಈ ಸಿನಿಮಾ ಯಾರಿಗೆ ಸೇರಬೇಕೋ ಅವರಲ್ಲಿ ಎಷ್ಟೋ ಮಂದಿ ಓದಿ ಆರಿಸುವವರಲ್ಲ, ಕೇಳಿ ಆರಿಸುವವರು. ಹಾಗಾಗಿ ಇಡೀ ಎರಡನೆಯ ದಿನವನ್ನು ತುಣುಕಿಗೇ ಕೊಟ್ಟೆ. ಮೊದಲು ಅಲ್ಲಿ ಬಾಗಿಲ ಜಗಳವಿತ್ತು. ಅದನ್ನು ತೆಗೆದು ಅಂಬಲಿ ಕುಡಿಸುವ ದೃಶ್ಯ ಇಟ್ಟೆ. ಮುದುಕ ಏನೋ ತೊದಲುತ್ತಾನೆ. "ಬೈ, ಬೈ, ಇನ್ನಾ ಜೋರ್ ಬೈ, ನಾ ಎಲ್ಲಿ ಓಡಿ ಹೊಂಟೀನಿ?" ಎನ್ನುತ್ತ ಸೊಸೆ ಅವನ ಗಲ್ಲ ಒರೆಸುತ್ತಾಳೆ. ಅದನ್ನು ಇಪ್ಪತ್ತು ಸಲವಾದರೂ ಕೇಳಿರಬೇಕು. ಒಂದು ಸಲವೂ ನಗು ಬರಲಿಲ್ಲ.

ಮೊದಲ ವಾರ ತೆರೆಯುವವರೇ ಕಡಿಮೆಯಾದರು. ಓಡಿಹೋಗಿ ಕೇಳಿದೆ. ನಗಲು ಬರುವವರಿಗೆ ತೋರಿಸುವುದು ನಿಂತಿತಲ್ಲ, ಹಾಗೇ ಆಗುತ್ತದೆ, ತಾಳು ಎಂದಳು ಕಲ್ಯಾಣದ ಹುಡುಗಿ. ಅವಳು ಸಂಶಯದ ಪೆಟ್ಟಿಗೆಯಿಂದ ಆ ಫೋನುಗಳನ್ನು ಹೊರಗೆ ತೆಗೆದಿದ್ದಳು, ನಾನು ಕೇಳದೆಯೇ. ಎರಡನೆಯ ವಾರ ಅರ್ಧ ತಾಸಿನ ಹತ್ತಿರ ಗೆರೆ ಬೀಳುವುದು ನಿಂತಿತು. ತೆರೆದವರು ಕೂರುತ್ತಿದ್ದರು. ಅಕ್ಕ ದಿನಾ ಟೀ ಇಡುವಾಗ ನನ್ನ ಮುಖ ನೋಡುತ್ತಿದ್ದರು, ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ, ಆಸೆ ಹುಟ್ಟಿಸಿ ಕೈಬಿಡುವುದು ಬೇಡ ಎಂದು.

ಮೂರನೆಯ ವಾರ ಮುಗಿದ ದಿನ ಮೇಲಿನಿಂದ ಒಂದು ಸಾಲು ಬಂತು: ಇನ್ನೊಂದು ವರ್ಷ ಇರಲಿ. ಪರಿಶೀಲಕರ ಹುದ್ದೆ ತೆಲುಗು ಮೇಜಿನವರಿಗೆ ಹೋಯಿತು. ಹೊಟ್ಟೆಯುರಿಯಲಿಲ್ಲ ಎಂದು ಹೇಳುವಷ್ಟು ದೊಡ್ಡವಳಲ್ಲ ನಾನು. ಎರಡು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ, ಮೂರನೆಯ ದಿನ ಹೋಗಿ ಅಭಿನಂದನೆ ಹೇಳಿ ಬಂದೆ. ಅಕ್ಕನಿಗೆ ಸುದ್ದಿ ಹೇಳಿದಾಗ ಅವರು ಟ್ರಾಲಿಯ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚಿದರು. ರವಿವಾರ ನಮ್ಮ ಮನೀಗಿ ಬರ್ರಿ, ರೊಟ್ಟಿ ಉಣ್ಣಾಕ ಎಂದರು.

ಕಳವಾದಲ್ಲಿ ಅವರದು ಒಂದೇ ಕೋಣೆಯ ಮನೆ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಊಟವಾದ ಮೇಲೆ, ಇವತ್ತು ಮೊದಲಿನಿಂದ ನೋಡೋಣವೇ ಎಂದು ನಾನೇ ಕೇಳಿದೆ. ಇನ್ನು ಗೆರೆಯ ಚಿಂತೆ ಇರಲಿಲ್ಲ, ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ. ಅಕ್ಕ ಒಂದಿಷ್ಟು ಅನುಮಾನಿಸಿ ಹೂಂ ಎಂದರು. ಮಗಳು ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿ ಇಟ್ಟಳು. ಮೂವರೂ ಚಾಪೆಯ ಮೇಲೆ ಕೂತೆವು.

ಬಾಗಿಲ ಜಗಳಕ್ಕೆ ಅಕ್ಕನೂ ನಕ್ಕರು, ಆದರೆ ನಾನು ನಕ್ಕ ಕಡೆಯಲ್ಲಿ ಅಲ್ಲ. ಮಾವ ಬಿದ್ದಾಗ ಎದ್ದು ಹೋಗುತ್ತಾರೇನೋ ಎಂದುಕೊಂಡೆ. ಎದ್ದರು, ನೀರು ಕುಡಿದರು, ಬಂದು ಮತ್ತೆ ಕೂತರು. ಅಂಬಲಿ ಕುಡಿಸುವಾಗ ಸೊಸೆಗೆ ಹೇಳುವವರಂತೆ, ಸಣ್ಣ ಗುಟುಕು, ಸಣ್ಣ ಗುಟುಕು ಎನ್ನುತ್ತಿದ್ದರು. ಮುದುಕ ಸತ್ತಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಆ ಸೊಸೆ ಒಬ್ಬಳೇ ಹಿತ್ತಲಲ್ಲಿ ಕೂತದ್ದನ್ನೇ ನೋಡುತ್ತಿದ್ದರು. ರೊಟ್ಟಿ ಬಡಿಯುವ ಹೆಂಗಸರು ಬಂದರು. ನಗು ಎದ್ದಿತು. ಅಕ್ಕನೂ ಅತ್ತ ಕಣ್ಣಿನಲ್ಲೇ ನಕ್ಕರು, ಆ ಅಡುಗೆಮನೆಯಲ್ಲೇ ಕೂತಿದ್ದವರ ಹಾಗೆ. ಸಿನಿಮಾ ಮುಗಿದು ಹೆಸರುಗಳು ಬರಲು ಶುರುವಾಯಿತು.

ಅಕ್ಕ ಒಮ್ಮೆಲೆ ಮಗಳ ಕಡೆ ತಿರುಗಿದರು.

"ಅವ್ವ ಬಂದಿದ್ಲೇನು?"

"ನಾನಿ ಆಯೀ ಥೀ ನಾ, ಮಮ್ಮಿ," ಎಂದಳು ಮಗಳು. ಅಜ್ಜಿ ಬಂದಳು, ಮಾತಾಡಿದಳು, ನಕ್ಕಳು, ನೀನೂ ನಕ್ಕೆಯಲ್ಲ ಎಂದು ಹಿಂದಿಯಲ್ಲೇ ಹೇಳಿದಳು.

"ಅಯ್ಯ, ನಾ ಆ ಸೊಸೀನ್ನ ನೋಡಕೋತ ಕುಂತೆ," ಎಂದರು ಅಕ್ಕ. ಮಗಳು ಹಿಂದಕ್ಕೆ ಒಯ್ಯಲು ಫೋನಿಗೆ ಕೈಹಾಕಿದಳು. ಅಕ್ಕ ಅವಳ ಕೈ ಹಿಡಿದು ತಡೆದರು.

"ಇರ್ಲಿ ಬಿಡು. ನಾಳಿ ನೋಡಿದ್ರಾಯ್ತು." ಆಮೇಲೆ ನನ್ನನ್ನು ನೋಡಿದರು. "ನಾಳಿ ಇರ್ತದಲ್ರಿ?"

"ಇರ್ತದೆ," ಅಂದೆ.